ಮೊದಲ ಪಂಕ್ತಿಗೆ ಕೂತ ರತ್ನವ್ವ

ರತ್ನವ್ವ ರೋಣದ ಕಡೆಯವಳು. ಮದುವೆಯಾದ ವರ್ಷವೇ ಗಂಡ ಸಂಗಪ್ಪನಿಗೆ ಯಶವಂತಪುರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಕೆಲಸ ಸಿಕ್ಕಿತು. ಗೊರಗುಂಟೆಪಾಳ್ಯದಲ್ಲಿ ಬಾಡಿಗೆ ಮನೆ ಹಿಡಿದರು. ಬೆಂಗಳೂರಿನಲ್ಲಿ ಒಬ್ಬರ ಮನೆಯಾಯಿತೆಂದರೆ ಅದು ಇಡೀ ಊರಿನ ಮನೆ. ಕೆಲಸ ಹುಡುಕಿ ಬಂದವರು, ಆಸ್ಪತ್ರೆಗೆ ಬಂದವರು, ವಿಧಾನಸೌಧ ನೋಡಲು ಬಂದವರು, ಎಲ್ಲರಿಗೂ ರತ್ನವ್ವನ ಜೋಳದ ರೊಟ್ಟಿಯೇ. ನಸುಕಿನಲ್ಲಿ ಬೀದಿ ನಲ್ಲಿ, ಆಮೇಲೆ ಸೀಮೆಎಣ್ಣೆ ಸ್ಟೋವು, ಹಂಚು. ಮೊದಲ ಪಂಕ್ತಿ ಗಂಡಸರದು. ಎರಡನೆಯದು ಅತ್ತೆ ಶರಣವ್ವನದು. ಹಂಚು ಆರಿದ ಮೇಲೆ ಉಳಿದದ್ದನ್ನು ರತ್ನವ್ವ ಸ್ಟೋವಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ತಿನ್ನುತ್ತಿದ್ದಳು. ಅದನ್ನು ಊಟವೆಂದು ಯಾರೂ ಕರೆಯುತ್ತಿರಲಿಲ್ಲ, ಅವಳೂ ಕೂಡ.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಅವಳ ಗಂಟಲು ಕಟ್ಟಿಕೊಂಡಿತು. ನೀರು, ಮಜ್ಜಿಗೆ ಇಳಿಯುತ್ತಿತ್ತು. ರೊಟ್ಟಿಯ ತುಣುಕು ಅಲ್ಲೇ ನಿಲ್ಲುತ್ತಿತ್ತು. ದೊಡ್ಡಾಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ಏನೂ ಇಲ್ಲವೆಂದರು. ಶರಣವ್ವ ತಾಯಿತ ಕಟ್ಟಿಸಿದಳು. ರವಿಕೆಯ ತೋಳು ಜೋಲತೊಡಗಿದಾಗ ತವರಿಗೆ ಸುದ್ದಿ ಹೋಯಿತು: ಶುಕ್ರವಾರ ಅಣ್ಣ ಫಕೀರಪ್ಪ ಬಂದು ಕರೆದುಕೊಂಡು ಹೋಗಲಿ. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಕಾಯಿಲೆಯೆಂದು ತವರಿಗೆ ಕಳಿಸಿದ ಸೊಸೆ ಮರಳಿ ಬರುವುದು ಕಷ್ಟ. ರೊಟ್ಟಿ ಬಡಿಯಲು ಇನ್ನೊಬ್ಬಳು ಬರುವುದು ಸುಲಭ.

ಆ ಮಂಗಳವಾರ ಬೆಳಿಗ್ಗೆ ಸಂಗಪ್ಪ ಅವಳನ್ನು ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೆಬ್ಬಾಳಕ್ಕೆ ತುಳಿದ. ಮಿಷನ್ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತಳಾದ ಯೂನಿಸಮ್ಮ ಅಲ್ಲಿ ತನ್ನ ಮನೆಯ ಜಗಲಿಯಲ್ಲೇ ಕಾಯಿಲೆಯವರನ್ನು ನೋಡುತ್ತಾಳೆಂದು ಪಕ್ಕದ ಮನೆಯಾಕೆ ಹೇಳಿದ್ದಳು.

"ನಮ್ಮನ್ನ ಕಿರಿಸ್ತಾನರನ್ನ ಮಾಡಂಗಿಲ್ಲ ಹೌದಲ್ರಿ?" ಸಂಗಪ್ಪ ಮೆಟ್ಟಿಲ ಮೇಲೆ ನಿಂತೇ ಕೇಳಿದ.

"ಮೊದಲು ಸೈಕಲ್ ನಿಲ್ಸಪ್ಪಾ, ನನ್ನ ದಾಸವಾಳದ ಮೇಲೆ ಒರಗಿಸಿದ್ದೀಯ," ಎಂದಳು ಯೂನಿಸಮ್ಮ. ಬ್ಯಾಟರಿ ಹಿಡಿದು ರತ್ನವ್ವನ ಗಂಟಲು ನೋಡಿದಳು. ಕಣ್ಣಿನ ರೆಪ್ಪೆ ಕೆಳಗೆಳೆದು, ರಕ್ತವಿಲ್ಲವೆಂದು ಕಬ್ಬಿಣದ ಗುಳಿಗೆ ಕೊಟ್ಟಳು. ಆಮೇಲೆ ಎದುರಿಗೇ ಕೂತಳು.

"ನಿಮಗೆ ಮನೇಲಿ ಬಡಿಸೋರು ಯಾರಮ್ಮ?"

ರತ್ನವ್ವನಿಗೆ ಪ್ರಶ್ನೆಯೇ ತಿಳಿಯಲಿಲ್ಲ. "ನಾನ ಎಲ್ಲಾರ್ಗೂ ಬಡಸಾಕಿ ರೀ."

"ಎಲ್ಲರಿಗೂ ಸರಿ. ನಿಮಗೆ?"

ಸಂಗಪ್ಪ ನಕ್ಕ. ರತ್ನವ್ವ ಅಳತೊಡಗಿದಳು. ಯೂನಿಸಮ್ಮ ಅಳು ಮುಗಿಯುವವರೆಗೆ ಅವಳ ಕೈ ಹಿಡಿದು ಕೂತಿದ್ದಳು.

"ಮೈ, ಮನಸ್ಸು, ಆತ್ಮ. ಮೂರು ಕಲ್ಲಿನ ಒಲೆ ಇದು. ಒಂದು ಕಲ್ಲು ಜಾರಿದ್ರೂ ಗಡಿಗೆ ಉರುಳುತ್ತೆ. ಡಾಕ್ಟ್ರು ಒಂದು ಕಲ್ಲು ನೋಡಿದಾರೆ, ಅದು ಅವರ ತಪ್ಪಲ್ಲ. ನಮ್ಮ ಯೇಸು ಸ್ವಾಮಿ ಒಂದ್ಸಲ ಸತ್ತ ಹುಡುಗಿ ಕೈ ಹಿಡಿದು ಎಬ್ಬಿಸಿದ. ಎದ್ದ ತಕ್ಷಣ ಏನಂದ ಗೊತ್ತಾ? ಇವಳಿಗೆ ತಿನ್ನೋಕೆ ಏನಾದ್ರೂ ಕೊಡಿ ಅಂದ. ಎದ್ಯಲ್ಲಾ, ಹೋಗಿ ಮುಸುರೆ ತಿಕ್ಕು ಅನ್ಲಿಲ್ಲ!"

ರತ್ನವ್ವನ ತುಟಿ ಅಳುವಿನ ನಡುವೆಯೇ ಅರಳಿತು.

"ಅವನ ಹೆಸರಲ್ಲಿ ಪ್ರಾರ್ಥನೆ ಮಾಡ್ಲಾ? ಬೇಡ ಅಂದ್ರೆ ಬಿಡ್ತೀನಿ. ನೀವು ನಿಮ್ಮ ಲಿಂಗ ಹಿಡ್ಕೊಂಡೇ ಕೂತ್ಕೊಳ್ಳಿ."

ರತ್ನವ್ವ ಸೆರಗಿನೊಳಗೆ ಲಿಂಗ ಹಿಡಿದು ಕಣ್ಣು ಮುಚ್ಚಿದಳು. ತನ್ನ ಹೆಸರು ಹೇಳಿ, ತನ್ನ ಗಂಟಲಿಗಾಗಿ, ತನ್ನ ದಣಿವಿಗಾಗಿ ಒಬ್ಬರು ದೇವರ ಹತ್ತಿರ ಕೇಳುವುದನ್ನು ಅವಳು ಮೊದಲ ಸಲ ಕೇಳಿಸಿಕೊಂಡಳು.

ಹೊರಡುವಾಗ ಯೂನಿಸಮ್ಮ ಸಂಗಪ್ಪನಿಗೆ ಹೇಳಿದಳು: "ಮೊದಲ ಪಂಕ್ತಿ ಇವರದು. ಬಿಸಿಬಿಸಿ. ಬಡಿಸೋನು ನೀನು."

ಸಂಗಪ್ಪ ಪ್ರಾಮಾಣಿಕ ಮನುಷ್ಯ. ಮರುದಿನ ಬೆಳಿಗ್ಗೆ ಹೇಳಿದ್ದನ್ನು ಹೇಳಿದಂತೆಯೇ ಮಾಡಿದ. ರತ್ನವ್ವ ನೀರು ತಂದು, ಹಿಟ್ಟು ನಾದಿ, ಬುಟ್ಟಿ ತುಂಬ ರೊಟ್ಟಿ ಬಡಿದು, ಬೆವರು ಒರೆಸಿಕೊಂಡಳು. ಆಗ ಅವನು ತಟ್ಟೆ ಹಾಕಿ ಅವಳನ್ನು ಕೂರಿಸಿ, ಅವಳೇ ಸುಟ್ಟ ರೊಟ್ಟಿಯನ್ನು ಭಕ್ತಿಯಿಂದ ಬಡಿಸಿದ. ಅವಳ ಗಂಟಲು ತೆರೆಯಲಿಲ್ಲ.

ಗುರುವಾರ ಒಬ್ಬನೇ ಹೆಬ್ಬಾಳಕ್ಕೆ ಹೋಗಿ ರೇಗಾಡಿದ. "ನಿಮ್ಮ ಪ್ರಾರ್ಥನಾ ನಡೀಲಿಲ್ರಿ! ಬಡಿಸಿದೆ, ಬಿಸೀನೂ ಇತ್ತು!"

"ರೊಟ್ಟಿ ಮಾಡಿದ್ಯಾರು?"

"ಆಕೀನ! ಮತ್ಯಾರ್ ಮಾಡ್ತಾರ?"

ಯೂನಿಸಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಮಗನೇ! ಕಾಲು ಮುರಿದೋನನ್ನ ಆಸ್ಪತ್ರೆವರೆಗೂ ಓಡಿಸಿ, ಆಮೇಲೆ ಮಂಚ ಕೊಟ್ಟ ಹಾಗಾಯ್ತು. ಬಡಿಸೋದು ಹಿಟ್ಟಿನಿಂದ ಶುರುವಾಗುತ್ತೆ ಕಣಪ್ಪಾ."

ಶುಕ್ರವಾರ ಬೆಳಿಗ್ಗೆ ಸಂಗಪ್ಪ ಸ್ಟೋವು ಹಚ್ಚಿದ. ಮಧ್ಯಾಹ್ನದ ಪಾಳಿ, ಕೈಯಲ್ಲಿ ಸಮಯವಿತ್ತು. ಅಣ್ಣನ ಬಸ್ಸು ಬರುವ ಹೊತ್ತೂ ಆಗಿತ್ತು. ರತ್ನವ್ವನ ಟ್ರಂಕು ಬಾಗಿಲ ಬಳಿ ಕಾಯುತ್ತಿತ್ತು. ಕುದಿಯುವ ನೀರನ್ನು ಹಿಟ್ಟಿಗೆ ಸುರಿದು ಕೈ ಹಾಕಿದವನೇ "ಸತ್ತೆನೋ ಯಪ್ಪಾ!" ಎಂದು ಕುಣಿದ. ಮಷಿನ್ನಿನ ತಿರುಪು ಬಿಚ್ಚುವ ಬೆರಳುಗಳಿಗೆ ಹಿಟ್ಟು ಮೆತ್ತಿ ಬಿಡದಾಯಿತು. ಬಡಿದ ರೊಟ್ಟಿ ನಡುವೆ ಹರಿದು, ಒಂದು ತುಂಡು ಹಂಚಿನ ಮೇಲೆ, ಒಂದು ತುಂಡು ಮೊಣಕೈ ಮೇಲೆ.

ಶರಣವ್ವ ಓಡಿಬಂದಳು. "ಓಣಿ ಮಂದಿ ನೋಡಿದ್ರ ಏನಂದಾರು! ಸರಿ ಅತ್ತಾಗ, ನಾ ಬಡೀತೀನಿ."

ಸೊಸೆಯ ಬದಲು ಅತ್ತೆ; ಹಿಟ್ಟು ಮತ್ತೆ ಹೆಂಗಸಿನ ಕೈಗೇ ದಾಟಿಬಿಡುತ್ತಿತ್ತು. ಅಷ್ಟರಲ್ಲಿ ರತ್ನವ್ವನ ದನಿ ಬಂತು, ತಿಂಗಳುಗಳಿಂದ ಆ ಮನೆ ಕೇಳದಿದ್ದ ದನಿ.

"ಅತ್ತೀ, ಬಿಡ್ರಿ. ಅವರ ಮಾಡ್ಲಿ. ನೀವು ಬರ್ರಿ, ನನ್ನ ಬಾಜೂಕ ಕೂಡ್ರಿ. ನೀವರ ಮೊದಲ್ನೇ ಪಂಕ್ತ್ಯಾಗ ಯಾವಾಗ ಕುಂತೀರಿ?"

ಶರಣವ್ವ ಸೆರಗು ಸರಿಮಾಡಿಕೊಂಡು ಸೊಸೆಯ ಪಕ್ಕ ಕೂತುಬಿಟ್ಟಳು.

ಸಂಗಪ್ಪ ಬೆವರುತ್ತ ಬಂದು ಇಬ್ಬರ ತಟ್ಟೆಗೂ ಇಳಿಸಿದ. ಒಂದು ಕಡೆ ಕರಿ, ಒಂದು ಕಡೆ ಹಸಿ. ಶರಣವ್ವ ಎತ್ತಿ ಬೆಳಕಿಗೆ ಹಿಡಿದಳು. "ಇದೇನೋ ಇದು, ರೊಟ್ಟಿಯೋ ಹರಕ ಚಪ್ಪಲಿಯೋ? ಇದಕ್ಕ ಹೊಡ್ಯಾಕ ಮೊಳೀ ತರಸ್ಲಿ ಏನು?"

ರತ್ನವ್ವ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದು. ನಗುತ್ತ ನಗುತ್ತ ತುಂಡು ಮುರಿದು ಶೇಂಗಾ ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟಳು. ಅಗಿದಳು. ತಾಯಿ ಮಗ ಇಬ್ಬರೂ ಅವಳ ಗಂಟಲನ್ನೇ ನೋಡಿದರು.

ಇಳಿಯಿತು.

"ಇಳೀತು!" ಎಂದು ಸಂಗಪ್ಪ ಕೂಗಿದ ರಭಸಕ್ಕೆ ಮೇಲಿನ ಮನೆಯವರು ಇಣುಕಿದರು. "ಯವ್ವಾ, ಇಳೀತು!"

"ಕೂಗಬ್ಯಾಡ್ರಿ, ಇನ್ನೊಂದು ಹಾಕ್ರಿ," ಎಂದಳು ರತ್ನವ್ವ.

ಎರಡನೆಯದು ಮುಗಿಯುವಾಗ ಬಾಗಿಲಲ್ಲಿ ಫಕೀರಪ್ಪ ಕಾಣಿಸಿಕೊಂಡ. ಟ್ರಂಕು ನೋಡಿದ, ಹಿಟ್ಟು ಬಳಿದುಕೊಂಡ ಸಂಗಪ್ಪನನ್ನು ನೋಡಿದ, ಕೂತು ಉಣ್ಣುತ್ತಿದ್ದ ತಂಗಿಯನ್ನು ನೋಡಿದ. ಕೈಚೀಲ ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ರತ್ನೀ, ಹೊಂಡೂಣೇನ್?"

"ನಾ ಎಲ್ಲೂ ಬರಾಂಗಿಲ್ಲಣ್ಣಾ. ಟ್ರಂಕು ಒಳಗಿಡು, ಕೈಕಾಲು ತೊಳ್ಕೊಂಡು ಬಾ."

ಅವನು ಕೈಕಾಲು ತೊಳೆದು ಬಂದು ರೂಢಿಯಂತೆ ಗೋಡೆಗೊರಗಿ ಕೂತು, ತಟ್ಟೆಗಾಗಿ ಒಳಗೆ ನೋಡಿದ. ರತ್ನವ್ವ ಬಾಯಿಯಲ್ಲಿದ್ದುದನ್ನು ಅವಸರವಿಲ್ಲದೆ ನುಂಗಿ, ಎಡಗೈಯಿಂದ ಹಿಟ್ಟಿನ ಪರಾತವನ್ನು ಅವನತ್ತ ಸರಿಸಿದಳು.

"ಹಿಟ್ಟು ಇನ್ನೂ ಐತಿ. ನಾದು."