ಒಂದು ಸೀರೆಗೆ ಮೂರು ಕೊರಿಯರ್

ಏಳನೇ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಕಂಪ್ಯೂಟರ್ ಕೆಲಸವನ್ನು ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕೂತು ಕಲಿತೆ. ಹೊರಗೆ ಕಂಡಕ್ಟರುಗಳು ರೋಣ, ನರಗುಂದ ಎಂದು ಕೂಗುತ್ತಿದ್ದರು, ನನ್ನನ್ನು ಕೂಗುವವರಿರಲಿಲ್ಲ. ತಿಳಿಯದಿದ್ದರೆ ಕೇಳಲೂ ಯಾರಿರಲಿಲ್ಲ. ಇದ್ದಿದ್ದರೂ ಕೇಳುತ್ತಿರಲಿಲ್ಲ ಅನ್ನಿ.

ನನ್ನ ಮೊದಲ ಗಿರಾಕಿ ಕೈಮಗ್ಗದ ಸೀರೆ ನೇಯುವ ಒಬ್ಬ ಹೆಣ್ಣುಮಗಳು. ನನಗಿಂತ ಹಿರಿಯರು, ಅಕ್ಕ ಅನ್ನುತ್ತಿದ್ದೆ. ಅವರ ಸೀರೆ ಮಾರಲು ವೆಬ್‌ಸೈಟ್ ಮಾಡಿಕೊಟ್ಟೆ. ಯಾರಾದರೂ ಸೀರೆ ಆರಿಸಿ ಬಟನ್ ಒತ್ತಿದರೆ ‘ಆರ್ಡರ್ ಬಂತು’ ಎಂದು ತಕ್ಷಣ ತೋರಿಸುತ್ತಿತ್ತು. ಆಮೇಲೆ, ಕೊಂಡವರಿಗೆ ಕಾಣದ ಹಾಗೆ, ನನ್ನ ಪ್ರೋಗ್ರಾಂ ಕೊರಿಯರ್ ಕಂಪನಿಯ ಕಂಪ್ಯೂಟರಿಗೆ ‘ಪಾರ್ಸಲ್ ಒಯ್ಯಲು ಬನ್ನಿ’ ಎಂದು ಸಂದೇಶ ಕಳಿಸುವುದು. ಉತ್ತರ ಬರದಿದ್ದರೆ ಮತ್ತೆ ಕಳಿಸುವುದು.

ಪರೀಕ್ಷೆಗೆಂದು ನಿಜವಾದ ಕೊರಿಯರ್‌ನವರನ್ನು ಸುಮ್ಮನೆ ಓಡಾಡಿಸಲಾಗದು. ಅದಕ್ಕೇ ನನ್ನ ಕಂಪ್ಯೂಟರಿನೊಳಗೇ ಒಂದು ಸುಳ್ಳು ಕೊರಿಯರ್ ಮಾಡಿಟ್ಟುಕೊಂಡೆ. ಏನು ಕೇಳಿದರೂ ಅದು ಮರುಕ್ಷಣವೇ ‘ಹೂಂ’ ಅನ್ನುತ್ತಿತ್ತು. ಎಷ್ಟೋ ದಿನ ನನಗೆ ಉತ್ತರ ಕೊಟ್ಟದ್ದು ಅದೊಂದೇ. ಪರೀಕ್ಷೆಗಳೆಲ್ಲ ಪಾಸು. ಎದೆ ಉಬ್ಬಿಸಿಕೊಂಡು ಚಾಲೂ ಮಾಡಿದೆ.

ಮೊದಲ ಆರ್ಡರ್ ಬಂದ ದಿನ ಕೊರಿಯರ್ ಕಂಪನಿಯ ಕಂಪ್ಯೂಟರ್ ನಿಧಾನವಾಗಿತ್ತು. ನನ್ನ ಸಂದೇಶ ಮುಟ್ಟಿತ್ತು, ಉತ್ತರ ಮಾತ್ರ ತಡ. ಮುಟ್ಟಿಲ್ಲವೆಂದುಕೊಂಡ ಪ್ರೋಗ್ರಾಂ ಇನ್ನೆರಡು ಸಲ ಕಳಿಸಿತು. ಅಲ್ಲಿ ದಿನಕ್ಕೊಂದರಂತೆ ಮೂರು ಬೇರೆ ಬೇರೆ ಪಾರ್ಸಲ್ ಎಂದು ದಾಖಲಾಯಿತು. ಇದ್ದ ಒಂದೇ ಸೀರೆ ಸೋಮವಾರವೇ ಹೋಯಿತು. ಮಂಗಳವಾರವೂ ಕೊರಿಯರ್‌ನವನು ಬಂದ. ಬುಧವಾರವೂ ಬಂದ.

“ಪಾರ್ಸಲ್ ಇಲ್ಲಂದ್ರ ಯಾಕ ಕರಸ್ತೀರಿ ಅಕ್ಕಾರ? ನನ್ನ ಮಾರಿ ನೋಡಾಕೇನು?” ಎಂದನಂತೆ, ಓಣಿಗೆಲ್ಲ ಕೇಳುವ ಹಾಗೆ.

ಅವನು ಬಾಗಿಲಲ್ಲಿ ನಿಂತಿದ್ದಾಗಲೇ ಅಕ್ಕ ನನಗೆ ಫೋನ್ ಮಾಡಿದರು. ನಾನು ಏನನ್ನೂ ನೋಡದೆ, “ತಪ್ಪು ಅವರದ ಐತ್ರಿ ಅಕ್ಕಾ,” ಎಂದುಬಿಟ್ಟೆ. ಫೋನ್ ಇಟ್ಟ ಮೇಲೆ ದಾಖಲೆ ತೆಗೆದು ನೋಡಿದೆ. ಮೂರು ಸಲ ಕರೆದದ್ದು ನನ್ನ ಪ್ರೋಗ್ರಾಮೇ. ಆಗಲೇ ತಿರುಗಿ ಫೋನ್ ಮಾಡಿ ಹೇಳಬೇಕಿತ್ತು. ಮಾಡಲಿಲ್ಲ. ಊರಲ್ಲಿ ನನ್ನ ಕೆಲಸವನ್ನು ನಂಬಿದ್ದ ಮನೆ ಅದೊಂದೇ.

ವೆಬ್‌ಸೈಟ್ ಬಂದ್ ಮಾಡಿ, ಎರಡು ದಿನ ಕೂತು ಸುಳ್ಳು ಕೊರಿಯರ್‌ಗೆ ತಡ ಮಾಡುವುದನ್ನು, ಸುಮ್ಮನಿರುವುದನ್ನು, ಇಲ್ಲ ಅನ್ನುವುದನ್ನು ಕಲಿಸಿದೆ. ಎಷ್ಟು ಸಲ ಕೇಳಿದರೂ ಪಾರ್ಸಲ್ ಒಂದೇ ಎಂದು ಕಂಪನಿಯ ಕಂಪ್ಯೂಟರಿಗೆ ಗೊತ್ತಾಗುವಂತೆ ಪ್ರತಿ ಸಂದೇಶಕ್ಕೂ ಆರ್ಡರ್ ನಂಬರ್ ಸೇರಿಸಿದೆ. ಆಮೇಲೆ ಅಕ್ಕನ ಮನೆಗೆ ಹೋದೆ.

“ತಪ್ಪು ನಂದ್ರಿ ಅಕ್ಕಾ, ಅವಂದಲ್ಲ. ಈಗ ಸರಿ ಮಾಡೇನಿ.”

ಅವರು ಮಗ್ಗದಿಂದ ಏಳಲಿಲ್ಲ. “ತಪ್ಪು ಯಾರ ಕೈಲಿ ಆಗಂಗಿಲ್ಲಪಾ? ನನ್ನ ಕೈಯಾಗೂ ಎಳಿ ಹರೀತಾವ. ಆದ್ರ ಆ ಮನಶ್ಯಾನ ಮ್ಯಾಲ ಯಾಕ ಹಾಕಿದಿ? ನಿನ್ನ ಮಾತು ಖರೇ ಅಂತ ತಿಳದು ಅವಗ ಬಾಯಿಗೆ ಬಂದಂಗ ಬೈದು ಕಳಿಸೀನಿ.”

“ಮತ್ತ ಚಾಲೂ ಮಾಡ್ಲೇನ್ರಿ?” ಎಂದು ಕೇಳಿದೆ.

“ಆರ್ಡರ್ ಬರೂದಷ್ಟ ಇರ್ಲಿ. ಕೊರಿಯರ್‌ನವಗ ನಾನ ಫೋನ್ ಹಚ್ತೀನಿ. ನಿಂದು ಮುಂದ ನೋಡೂಣು.”

ಹೋದಾಗೆಲ್ಲ ಆಗ್ರಹ ಮಾಡಿ ಚಹಾ ಕುಡಿಸುವವರು ಅವತ್ತು ಕೂತ್ಕೋ ಅಂತಲೂ ಅನ್ನಲಿಲ್ಲ.

ವರ್ಷವಾಗುತ್ತ ಬಂತು. ಕೋಣೆಯಲ್ಲಿ ದಿನಾಲೂ ಪರೀಕ್ಷೆ ಓಡಿಸುತ್ತೇನೆ, ಎಲ್ಲ ಪಾಸಾಗುತ್ತವೆ. ಅಕ್ಕ ಇನ್ನೂ ಫೋನ್ ಹಚ್ಚಿಯೇ ಕೊರಿಯರ್ ಕರೆಯುತ್ತಾರೆ.