ತಂಗಿಯ ಲಿಬಿಯಾ

ನಾನು ಯಾವ ಪರದೇಶಕ್ಕೂ ಹೋದವನಲ್ಲ; ಬಹುಶಃ ಆ ಕಾರಣಕ್ಕೇ ಎಲ್ಲ ದೇಶಗಳ ಬಗ್ಗೆಯೂ ಅಧಿಕಾರವಾಣಿಯಿಂದ ಮಾತನಾಡಬಲ್ಲೆ. ಹೀಗಾಗಿ, ಅಂಚೆ ಶಿಕ್ಷಣದಲ್ಲಿ ಬಿ.ಎ. ಮುಗಿಸಿ, ಐವತ್ತು ದಾಟಿದ ಮೇಲೆ ರಾಜ್ಯಶಾಸ್ತ್ರದ ಎಂ.ಎ.ಗೆ ಸೇರಿದ ನನ್ನ ತಂಗಿ ಶಿವಲೀಲಾ ಹರಿಹರದ ಕಾಲೇಜಿನಲ್ಲಿ ಲಿಬಿಯಾ ಮತ್ತು ಅದರ ಸರ್ಕಾರದ ಬಗ್ಗೆ ಸೆಮಿನಾರ್ ಕೊಡಬೇಕೆಂದಾಗ, ಅವಳಿಗಿಂತ ಹೆಚ್ಚು ಪುಳಕಿತನಾದವನು ನಾನೇ. ಯಾರೂ ಕೇಳದಿದ್ದರೂ ರಾಷ್ಟ್ರಧ್ವಜ ಬರೆದುಕೊಡುವ ಹೊಣೆ ಹೊತ್ತೆ. ನನ್ನ ಹಳೆಯ ಅಟ್ಲಾಸಿನಲ್ಲಿ ಅದು ಅಪ್ಪಟ ಹಸಿರು, ಒಂದು ಗೆರೆಯೂ ಇಲ್ಲ. ಚಿತ್ರಕಲೆಯಲ್ಲಿ ಸದಾ ನಪಾಸಾಗುತ್ತಿದ್ದ ನನ್ನಂಥವರಿಗೆಂದೇ ಯಾರೋ ಪುಣ್ಯಾತ್ಮರು ರೂಪಿಸಿದ್ದಿರಬೇಕು.

ಸೆಮಿನಾರ್ ಕೇಳಲು ನಾನೂ ಜೊತೆಗೆ ಹೊರಟೆ. ದಾವಣಗೆರೆಯಲ್ಲಿ ಬಸ್ಸು ಹತ್ತಿ ಕೂತ ಮೇಲೆ ಅವಳು ಚಾರ್ಟ್ ಬಿಚ್ಚಿದಳು.

“ಅಯ್ಯೋ ಅಣ್ಣಾ, ಈ ಬಾವುಟ ಇಳಿಸಿ ಎಷ್ಟು ವರ್ಷ ಆತು! ಈಗ ಕೆಂಪು, ಕಪ್ಪು, ಹಸಿರು, ನಡುವೆ ಚಂದ್ರ, ನಕ್ಷತ್ರ ಐತೆ.”

ಬೇರೆ ಬರೆಯಲು ಸಮಯವಿರಲಿಲ್ಲ. ಮೂವತ್ತು ವರ್ಷಗಳ ಮೇಲೆ ಮೊದಲ ಸಲ ತರಗತಿಯೆದುರು ನಿಲ್ಲುವವಳು ಮನೆ ಬಿಟ್ಟಾಗಿನಿಂದ ಟಿಪ್ಪಣಿಗಳನ್ನೇ ತಿರುವುತ್ತಿದ್ದಳು. ಅದರ ಮೇಲೆ ನನ್ನ ಪಾಂಡಿತ್ಯ ಬೇರೆ. ನಾಚಿಕೆಯಿಂದ ಕಿಟಕಿಯಾಚೆ ನೋಡುತ್ತ ಕೂತೆ.

ಆದರೆ ಅವಳು ವೇದಿಕೆ ಹತ್ತಿದವಳೇ ಅದೇ ಚಾರ್ಟನ್ನು ಎತ್ತಿ ಹಿಡಿದಳು. “ಇದು ಒಬ್ಬನೇ ನಾಯಕ ನಲವತ್ತು ವರ್ಷ ಆಳಿದ ಕಾಲದ ಬಾವುಟ. ಅವನು ಹೋಗಿದ್ದು ನಮ್ಮಣ್ಣಗೆ ಇನ್ನೂ ಗೊತ್ತಾಗಿಲ್ಲ.”

ತರಗತಿ ಗೊಳ್ಳೆಂದಿತು, ಹಿಂದಿನ ಬೆಂಚಿನಲ್ಲಿ ನಾನೂ ನಕ್ಕೆ. ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ದೇಶದ ಬಹುಭಾಗ ಮರುಭೂಮಿ, ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಮರಳಿನಡಿಯ ನೀರನ್ನು ದೊಡ್ಡ ಕೊಳವೆಗಳಲ್ಲಿ ಕಡಲತೀರದ ಊರುಗಳಿಗೆ ಒಯ್ಯುತ್ತಾರೆ ಎಂದಾಗ, ತುಂಗಭದ್ರೆಯ ದಂಡೆಯ ಹುಡುಗಿಯರು ಬಾಯಿ ತೆರೆದು ಕೇಳಿದರು. ನೆಲದೊಳಗೆ ಬೇಕಾದಷ್ಟು ತೈಲ. ನೆಲದ ಮೇಲೆ ಟ್ರಿಪೋಲಿಯಲ್ಲೊಂದು ಸರ್ಕಾರ, ಪೂರ್ವದಲ್ಲಿ ಇನ್ನೊಂದು.

“ಅವೆರಡರಲ್ಲಿ ನಿಜವಾದದ್ದು ಯಾವುದ್ರೀ ಮೇಡಂ?” ಎಂದು ಅಧ್ಯಾಪಕರು ಕೇಳಿದರು.

ಶಿವಲೀಲಾ ಚಾರ್ಟನ್ನು ಮಡಚಿ ಮೇಜಿನ ಮೇಲಿಟ್ಟಳು. “ಅದನ್ನ ಅಲ್ಲಿ ಜನಾನೇ ಹೇಳಬೇಕು ಸರ್. ಅವರನ್ನ ಕೇಳಿ ಭಾಳ ವರ್ಷ ಆತು.”

ಚಪ್ಪಾಳೆ ಬಿತ್ತು. ನನ್ನ ಕೈ ಮಾತ್ರ ಅರ್ಧಕ್ಕೇ ನಿಂತಿತು. ಬಿ.ಎ. ಮೊದಲ ವರ್ಷಕ್ಕೇ ಅವಳ ಓದು ಬಿಡಿಸಿ ಮದುವೆ ಗೊತ್ತುಮಾಡಿದ ದಿನ, ಆನೆಕೊಂಡದ ನಮ್ಮ ಮನೆಯ ಪಡಸಾಲೆಯಲ್ಲಿ ಹತ್ತು ಜನ ಹಿರಿಯರು ಮಾತನಾಡಿದ್ದರು. ನಾನೂ ಅಲ್ಲಿದ್ದೆ, ನನ್ನ ಅಭಿಪ್ರಾಯವನ್ನೂ ಸೇರಿಸಿದ್ದೆ. ಅವಳನ್ನು ಯಾರೂ ಕೇಳಿರಲಿಲ್ಲ.

ಹೊರಗೆ ಬಂದವಳೇ, “ಹೆಂಗಿತ್ತಣ್ಣಾ?” ಎಂದಳು, ಕಣ್ಣು ಹೊಳೆಯುತ್ತಿತ್ತು. ಹೇಳಲು ನನ್ನಲ್ಲಿ ಎಂದಿನಂತೆ ಬೇಕಾದಷ್ಟಿತ್ತು.

“ನಿನಗೆ ಹೆಂಗನ್ನಿಸ್ತು, ಅದನ್ನ ಹೇಳು” ಎಂದೆ.

ಬಸ್ಸು ದಾವಣಗೆರೆ ಮುಟ್ಟಿದರೂ ಅವಳ ಮಾತು ಮುಗಿದಿರಲಿಲ್ಲ.