ಡಿಕ್ಕಿಯಲ್ಲಿ ಸಿಕ್ಕಿಸಿದ ಪಿನ್ನು

ನಿಮ್ಮ ಆಂಪ್ಲಿಫೈಯರ್ ಪೆಟ್ಟಿಗೆಯನ್ನು ಸುಟ್ಟವಳು ನಾನು. ನಿಮ್ಮ ಲೆಕ್ಕ ತಪ್ಪಿರಲಿಲ್ಲ, ಬ್ಯಾಟರಿಯಲ್ಲಿ ದೋಷವಿರಲಿಲ್ಲ, ನಿಮ್ಮ ಗ್ರಹಚಾರವೂ ಅಲ್ಲ. ಮಾನ್ವಿಯ ರೈಸ್‌ಮಿಲ್ ಸಾಹುಕಾರರ ಅಂಬಾಸಡರ್ ಕಾರಿನ ಡಿಕ್ಕಿಯಲ್ಲಿ, ನೀವು ಒಳಗೆ ಊಟಕ್ಕೆ ಕೂತಿದ್ದಾಗ, ಬಳೆಗೆ ಸಿಕ್ಕಿಸಿಕೊಂಡಿದ್ದ ಒಂದು ಪಿನ್ನನ್ನು ಚುಚ್ಚಿಟ್ಟು ಸುಟ್ಟೆ — ನಿಮ್ಮ ಹೆಂಡತಿ, ಶಾಂತಾ.

ಇಷ್ಟು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ಜಾಲಹಳ್ಳಿಯ ಶಾಲೆಯಲ್ಲಿ ‘ಕಿಟಕಿ ಒಡೆದವರು ಯಾರು, ಎದ್ದು ನಿಲ್ಲಿ’ ಎಂದು ಮಕ್ಕಳಿಗೆ ಎಷ್ಟು ಸಲ ಗದರಿಸಿಲ್ಲ ನಾನು! ಎದ್ದು ನಿಲ್ಲುವುದು ಎಷ್ಟು ಕಷ್ಟ ಎಂದು ಇವತ್ತು ಗೊತ್ತಾಗುತ್ತಿದೆ.

ನೀವು ಒಮ್ಮೆಗೇ ನಂಬಲಿಕ್ಕಿಲ್ಲ. ತಿಳಿಯದೆ ಏನೋ ಮುಟ್ಟಿರಬೇಕು, ಪಾಪ, ಎನ್ನುತ್ತೀರಿ. ಇಲ್ಲ, ತಿಳಿದೇ ಮುಟ್ಟಿದೆ. ಆ ಪೆಟ್ಟಿಗೆ ಹೇಗೆ ಕೆಲಸ ಮಾಡುತ್ತದೆ ಎಂಬುದು ಇಡೀ ರಾಯಚೂರಿನಲ್ಲಿ ನಿಮ್ಮನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತಿತ್ತು. ನೀವೇ ಕಲಿಸಿದ್ದಿರಿ.

ರಾಯಚೂರಿನ ಆ ಚಿಕ್ಕ ರೇಡಿಯೋ ಅಂಗಡಿಯ ಹಿಂದಿನ ಕೋಣೆಯೇ ನಮ್ಮ ಮನೆಯಾಗಿತ್ತು. ಮಾವನವರು ತೀರಿಕೊಂಡ ವರ್ಷ ಅದು. ಮಸರಕಲ್ಲಿನ ಭಜನೆಯಲ್ಲಿ ಅವರು ತಬಲಾದ ಜೋಡಿ, ದಪ್ಪ ದನಿಯ ಡಗ್ಗಾ ಬಾರಿಸುತ್ತಿದ್ದುದನ್ನು ನೀವು ಟೇಪಿನಲ್ಲಿ ಹಿಡಿದಿಟ್ಟುಕೊಂಡಿದ್ದಿರಿ. ಆದರೆ ಯಾವ ಸ್ಪೀಕರಿಗೆ ಹಚ್ಚಿದರೂ ತಾಳದ ಸಪ್ಪಳವಷ್ಟೇ ಕೇಳುತ್ತಿತ್ತು, ಡಗ್ಗಾ ಕೇಳುತ್ತಿರಲಿಲ್ಲ. ‘ಎಲ್ಲಾರೂ ಬಂದಾರ, ಅಪ್ಪ ಒಬ್ಬಾವ ಬಂದಿಲ್ಲ’ ಎಂದು ನೀವು ಟೇಪು ನಿಲ್ಲಿಸುತ್ತಿದ್ದಿರಿ. ಅದೇ ಹೊತ್ತಿಗೆ ಸಾಹುಕಾರರು ಹೊಸ ಕಾರು ಕೊಂಡರು, ಅದರಲ್ಲಿ ಎದೆ ನಡುಗುವಂಥ ದಪ್ಪ ದನಿ ಬೇಕೆಂದರು. ನಿಮ್ಮ ಕಣ್ಣು ಬೆಳಗಿದ್ದು ನನಗೆ ನೆನಪಿದೆ.

ದಪ್ಪ ದನಿಗೆ ಬಲ ಬೇಕು. ಕಾರಿನಲ್ಲಿ ಇರುವುದು ಹನ್ನೆರಡೇ ವೋಲ್ಟು. ನಾನು ಮಜ್ಜಿಗೆ ಕಡೆಯುತ್ತ ಕೂತಿದ್ದೆ. ನೀವು ಬಂದು ಕಡಗೋಲಿನ ಹಗ್ಗದ ಒಂದು ತುದಿಯನ್ನು ನನ್ನ ಕೈಯಿಂದ ಬಿಡಿಸಿ ಕಂಬಕ್ಕೆ ಕಟ್ಟಿದಿರಿ.

‘ಈಗ ಕಡಿ ನೋಡೋಣ.’

‘ಹೆಂಗ ಕಡೀಲಿ? ಒಂದ ಕೈಲೆ ಕಡಿಯಾಕ ಬರ್ತದೇನ್ರಿ?’

‘ಎಲ್ಲಾರ ಆಂಪ್ಲಿಫೈಯರೂ ಹಿಂಗ ಒಂದ ಕೈಲೆ ಕಡಿಯಾಕತ್ತಾವ. ಅದಕ್ಕ ಬೆಣ್ಣಿ ಬರವಲ್ದು’ ಎಂದು ನಕ್ಕಿರಿ.

ಆಮೇಲೆ ಬಿಡಿಸಿ ಹೇಳಿದಿರಿ. ಎಲ್ಲರೂ ಸ್ಪೀಕರಿನ ಒಂದು ವೈರನ್ನು ಕಾರಿನ ತಗಡಿನ ಬಾಡಿಗೆ ಕಟ್ಟಿಬಿಡುತ್ತಾರೆ, ಅದೇ ಕಂಬ. ಇನ್ನೊಂದು ವೈರನ್ನಷ್ಟೇ ಆಂಪ್ಲಿಫೈಯರ್ ಎಳೆದು ಬಿಡುತ್ತದೆ. ನಿಮ್ಮ ಪೆಟ್ಟಿಗೆಯಲ್ಲಿ ಎರಡು ಆಂಪ್ಲಿಫೈಯರ್. ಒಂದಕ್ಕೆ ಹಾಡು ಇದ್ದಂತೆ ಹೋಗುತ್ತದೆ, ಇನ್ನೊಂದಕ್ಕೆ ಅದೇ ಹಾಡು ತಲೆಕೆಳಗಾಗಿ. ಒಂದು ಎಳೆದಾಗ ಇನ್ನೊಂದು ಬಿಡುತ್ತದೆ. ನಡುವೆ ಸ್ಪೀಕರು, ಕಡಗೋಲಿನ ಹಾಗೆ. ಬ್ಯಾಟರಿ ಅದೇ, ಆದರೆ ಸೆಳೆತ ಎರಡು ಪಟ್ಟು. ಸೆಳೆತ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಇದರ ಜೊತೆಗೆ ತೆಳು ದನಿಗಳನ್ನು ತಡೆದು ದಪ್ಪ ದನಿಯನ್ನಷ್ಟೇ ಬಿಡುವ ಒಂದು ಕಾಯಿಲ್. ತಾಮ್ರದ ಆ ಕಾಯಿಲನ್ನು ಸುತ್ತಿದವಳು ನಾನು, ಒಂದು ಎಳೆಯೂ ಹೊರಳದಂತೆ. ನಿಮ್ಮ ಪಕ್ಕದಲ್ಲಿ ಕೂತು ಸುತ್ತಿದ ಆ ಮಧ್ಯಾಹ್ನಗಳಷ್ಟು ಸುಖ ನನಗೆ ಆಮೇಲೆ ಸಿಕ್ಕಿಲ್ಲ. ಇದನ್ನೂ ಹೇಳಬೇಕಲ್ಲ.

ಕೊನೆಗೆ ಒಂದು ಎಚ್ಚರಿಕೆ ಕೊಟ್ಟಿರಿ. ‘ಶಾಂತಾ, ಇದರಾಗ ಎರಡೂ ವೈರು ಜೀವಂತ ಅದಾವ. ಯಾವುದೂ ಕಾರಿನ ತಗಡಿಗೆ ತಾಗಬಾರ್ದು. ತಾಗ್ತೋ, ಫ್ಯೂಜು ಹೋಗೂದ್ರೊಳಗ ಟ್ರಾನ್ಸಿಸ್ಟರು ಸತ್ತಿರ್ತಾವ.’ ಆ ಎಚ್ಚರಿಕೆಯನ್ನೇ ನಾನು ಬಳಸಿಕೊಂಡೆ. ಬೇಲಿಯೇ ಎದ್ದು ಹೊಲ ಮೇಯಿತು.

ಯಾಕೆ ಎಂದು ಕೇಳುತ್ತೀರಿ. ಹೈದರಾಬಾದಿನಲ್ಲಿ ಕಾರಿನ ಸಾಮಾನಿನ ದೊಡ್ಡ ಅಂಗಡಿ ಇಟ್ಟಿದ್ದ ಸಾಹುಕಾರರ ಅಳಿಯ, ಪೆಟ್ಟಿಗೆ ಚೆನ್ನಾಗಿ ನುಡಿದರೆ ನಿಮ್ಮನ್ನು ಅಲ್ಲಿಗೆ ಕೆಲಸಕ್ಕೆ ಕರೆದೊಯ್ಯುವುದಾಗಿ ಹೇಳಿ ಕಳಿಸಿದ್ದ. ಅದೇ ವಾರ ನನಗೆ ರಾಯಚೂರಿನಲ್ಲಿ ಟೀಚರ್ ಟ್ರೇನಿಂಗಿಗೆ ಸೀಟು ಸಿಕ್ಕಿತ್ತು. ಗಬ್ಬೂರಿನಲ್ಲಿ ಕಂಡವರ ಗದ್ದೆಯಲ್ಲಿ ಸಸಿ ನೆಟ್ಟು ನನ್ನನ್ನು ಓದಿಸಿದ ಅವ್ವ ಆ ಸುದ್ದಿ ಕೇಳಿ ಓಣಿಯವರಿಗೆಲ್ಲ ಸಕ್ಕರೆ ಹಂಚಿದ್ದಳು. ನಿಮ್ಮ ತಾಯಿ ಮಾತ್ರ, ‘ಗಂಡ ಎಲ್ಲೋ ಹೆಂಡ್ತಿ ಅಲ್ಲೇ. ಹೈದರಾಬಾದಿಗಿ ಹೋದ ಮ್ಯಾಲ ಎಲ್ಲೀ ಕಲಿಯೂದು?’ ಎಂದರು. ನಿಮ್ಮನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ನೀವೂ ತಾಯಿಯ ಮಾತನ್ನೇ ಆಡಿಬಿಟ್ಟರೆ ಎಂಬ ಭಯ… ಭಯ ಎಂದೆನೇ? ಸಿಟ್ಟೂ ಇತ್ತು. ನಾನು ಸುತ್ತಿದ ಕಾಯಿಲಿನಿಂದಲೇ ನನ್ನ ಓದು ನಿಲ್ಲುತ್ತದಲ್ಲ ಎಂಬ ಸಿಟ್ಟು.

ಮಾನ್ವಿಗೆ ನೀವೇ ನನ್ನನ್ನು ಕರೆದುಕೊಂಡು ಹೋದಿರಿ. ‘ನೀ ಸುತ್ತಿದ್ದು ನೀನ ಕೇಳಬೇಕಲ್ಲ’ ಎಂದಿರಿ. ಬೆಳಗಿನಿಂದ ಕೂತು ಡಿಕ್ಕಿಯಲ್ಲಿ ಎಲ್ಲವನ್ನೂ ಜೋಡಿಸಿದಿರಿ. ಅಳಿಯ ಬಂದ, ಎಲ್ಲರೂ ಊಟಕ್ಕೆ ಎದ್ದರು. ಹೆಂಗಸರ ಪಂಕ್ತಿ ಆಮೇಲೆ ಎಂದು ನಾನು ಹೊರಗೆ ಉಳಿದೆ. ಡಿಕ್ಕಿ ತೆರೆದೇ ಇತ್ತು. ಪಿನ್ನನ್ನು ಸ್ಪೀಕರ್ ವೈರಿನ ಪ್ಲಾಸ್ಟಿಕ್ಕಿನೊಳಗೆ ಚುಚ್ಚಿ, ಅದರ ಇನ್ನೊಂದು ತುದಿಯನ್ನು ಬಾಡಿಯ ಬರಿ ಸ್ಕ್ರೂ ಪಕ್ಕದಲ್ಲಿ ಸಡಿಲವಾಗಿ ಬಿಟ್ಟೆ. ತಾಗದಿದ್ದರೆ ತಾಗದಿರಲಿ, ದೇವರ ಇಚ್ಛೆ ಎಂದುಕೊಂಡೆ. ಸುಳ್ಳು. ಹಾಗೆ ಅಂದುಕೊಂಡೆನೆಂದು ಎಷ್ಟೋ ವರ್ಷದ ಮೇಲೆ ಕಟ್ಟಿಕೊಂಡದ್ದು. ಆ ಹೊತ್ತಿಗೆ ನನಗೆ ಅದು ತಾಗಲೇಬೇಕಾಗಿತ್ತು.

ಊಟ ಮುಗಿಸಿ ಬಂದು ನೀವು ಮಾವನವರ ಟೇಪನ್ನೇ ಹಾಕಿದಿರಿ. ಮೊದಲ ಪೆಟ್ಟು ಬಿತ್ತು — ಘುಂ! ನೆಲ ನಡುಗಿತು, ಅಂಗಳದಲ್ಲಿ ಭತ್ತ ಆರಿಸುತ್ತಿದ್ದ ಹೆಂಗಸರು ತಿರುಗಿ ನೋಡಿದರು. ಆ ಹೊಡೆತಕ್ಕೇ ಡಿಕ್ಕಿಯ ತಗಡು ಅದುರಿ ಪಿನ್ನು ಸ್ಕ್ರೂಗೆ ಒತ್ತಿತು. ಸುಟ್ಟ ವಾಸನೆ, ಹೊಗೆ, ಆಮೇಲೆ ಏನೂ ಇಲ್ಲ. ಅಳಿಯ ನಕ್ಕ. ‘ಏನ್ ಉಸ್ತಾದ್, ಗಾಡ್ಯಾಗ ಲೋಬಾನದ ಹೊಗಿ ಹಾಕಿದ್ರೇನು?’

ಎಲ್ಲರಿಗಿಂತ ಮೊದಲು ಓಡಿದವಳು ನಾನು. ಹೊಗೆಯೊಳಗೆ ಕೈ ಹಾಕಿ ಕಾದ ಪಿನ್ನನ್ನು ಕಿತ್ತು ಸೆರಗಿನಲ್ಲಿ ಮುಚ್ಚಿಕೊಂಡೆ. ಹೆಬ್ಬೆರಳು ಸುಟ್ಟಿತು. ಪೆಟ್ಟಿಗೆಯನ್ನು ಉಳಿಸಲು ಕೈ ಹಾಕಿದಳೆಂದು ನೀವು ತಿಳಿದಿರಿ. ನಿಮ್ಮ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ಒಳಗಿನಿಂದ ಜೇನುತುಪ್ಪ ಕೇಳಿ ತಂದು, ಎಲ್ಲರ ಎದುರು ನನ್ನ ಬೆರಳಿಗೆ ಹಚ್ಚಿ ಊದಿದಿರಿ. ಆಗ ಬಾಯಿ ಬಿಡಬೇಕಿತ್ತು ನಾನು.

ವಾಪಸು ಬಸ್ಸಿನಲ್ಲಿ ಹೇಳಿದಿರಿ, ‘ಒಮ್ಮಿ ಕೇಳ್ತಲ್ಲ ಅಪ್ಪನ ಕೈ. ಸಾಕು.’ ಆಮೇಲೆ, ‘ನಿನ್ನ ಟ್ರೇನಿಂಗ್ ಮುಗಿಯೂ ತನ ನಾ ಬರಂಗಿಲ್ಲ ಅಂತ ಉಣ್ಣು ಮುಂದ ಅವ್ರಿಗಿ ಹೇಳಿದ್ದೆ. ಹೂಂ ಅಂದಿದ್ರು. ಈಗ ಅದ್ಯಾತರ ಮಾತು ಬಿಡು.’

ನಾನು ಪಿನ್ನು ಚುಚ್ಚುತ್ತಿದ್ದ ಹೊತ್ತಿಗೇ ನೀವು ಒಳಗೆ ಕೂತು ನನ್ನ ಓದಿಗಾಗಿ ಕೇಳಿಕೊಳ್ಳುತ್ತಿದ್ದಿರಿ. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಬೆರಳು ಉರಿಯುತ್ತಿದೆಯೇ ಎಂದು ನೀವು ಕೇಳಿದಿರಿ, ಹೌದೆಂದೆ.

ಆಮೇಲೆ ನಾನು ಓದಿದೆ, ಟೀಚರಾದೆ, ನಮ್ಮ ದೇವದುರ್ಗದ ಮನೆ ಆಯಿತು. ನೀವು ಫ್ಯಾನು, ಮಿಕ್ಸಿ ರಿಪೇರಿಗೆ ಕೂತಿರಿ. ‘ಹನ್ನೆರಡು ವೋಲ್ಟಿನಾಗ ಅಷ್ಟು ಆಸಿ ಪಡಬಾರದಿತ್ತು, ನನ್ನ ಲೆಕ್ಕನ ತಪ್ಪಿತ್ತು’ ಎಂದು ಯಾರು ಕೇಳಿದರೂ ನಗುತ್ತ ಹೇಳಿದಿರಿ. ಮತ್ತೊಂದು ಪೆಟ್ಟಿಗೆಯನ್ನು ಕಟ್ಟಲೇ ಇಲ್ಲ. ಮಾವನವರ ಟೇಪನ್ನು ಮತ್ತೆ ಹಾಕಲಿಲ್ಲ. ಆದರೆ ಬಂದವರಿಗೆಲ್ಲ ನನ್ನ ಹೆಬ್ಬೆರಳು ತೋರಿಸುತ್ತಿದ್ದಿರಿ: ‘ನನ್ನ ಸಲುವಾಗಿ ಬೆಂಕ್ಯಾಗ ಕೈ ಹಾಕ್ಯಾಳ ನೋಡ್ರಿ ಈಕಿ.’ ಪ್ರತಿ ಸಲ ನಾನು ಚಹಾ ತರುವ ನೆವ ಮಾಡಿ ಒಳಗೆ ಹೋಗುತ್ತಿದ್ದೆ.

ಹೋದ ವಾರ ನನ್ನ ತಮ್ಮ ತನ್ನ ಜೀಪಿನಲ್ಲಿದ್ದ, ಕೆಟ್ಟುಹೋದ ಪರದೇಶದ ಆಂಪ್ಲಿಫೈಯರ್ ತಂದುಕೊಟ್ಟ. ನೀವು ಬಿಚ್ಚಿದಿರಿ. ಬಹಳ ಹೊತ್ತು ನೋಡಿದಿರಿ. ‘ಶಾಂತಾ, ಬಾ ಇಲ್ಲಿ. ಎರಡೂ ವೈರು ಎಳೀತಾವ ನೋಡು. ಥೇಟ್ ನಂದ. ಮತ್ತ ಇವ್ರದು ಹೆಂಗ ಉಳೀತು? ನಂದ್ಯಾಕ ಸುಟ್ತು?’

ನೀವು ನನ್ನ ಮುಖ ನೋಡಲಿಲ್ಲ, ಆ ಪೆಟ್ಟಿಗೆಯನ್ನೇ ನೋಡುತ್ತಿದ್ದಿರಿ. ಅಂದಿನಿಂದ ನಿಮಗೆ ಸರಿಯಾಗಿ ಊಟ ಸೇರುತ್ತಿಲ್ಲ. ಎಲ್ಲಿ ತಪ್ಪಿದೆ ಎಂದು ಹುಡುಕುತ್ತಿದ್ದೀರಿ, ಇಲ್ಲದ ತಪ್ಪನ್ನು. ನಿಜವಾದ ತಪ್ಪು ಎಲ್ಲಿದೆ ಎಂದು ಗೊತ್ತಿದ್ದವಳು ಪಕ್ಕದಲ್ಲೇ ರೊಟ್ಟಿ ಬಡಿಯುತ್ತಿದ್ದಾಳೆ.

ಈ ಕಾಗದವನ್ನು ನಿಮ್ಮ ಕೈಗೆ ಕೊಡುವುದಿಲ್ಲ. ಕೊಟ್ಟರೆ ಮತ್ತೆ ಒಳಗೆ ಹೋಗಿಬಿಡುತ್ತೇನೆ, ನನಗೆ ಅದು ರೂಢಿಯಾಗಿದೆ. ಮಾತು ತಡವರಿಸದಿರಲಿ ಎಂದಷ್ಟೇ ಇದನ್ನು ಬರೆದದ್ದು. ನೀವು ಸಾಮಾನು ತರಲು ರಾಯಚೂರಿಗೆ ಹೋಗಿದ್ದೀರಿ, ಸಂಜೆಯ ಬಸ್ಸಿಗೆ ಬರುತ್ತೀರಿ. ಚಹಾ ಕೊಡುವ ಮೊದಲೇ ಎದುರಿಗೆ ಕೂತು ಹೇಳುತ್ತೇನೆ: ನಿಮ್ಮ ಲೆಕ್ಕ ಸರಿಯಿತ್ತು ಎಂದು ಮೊದಲು, ಸುಟ್ಟವಳು ನಾನೆಂದು ಆಮೇಲೆ. ಕ್ಷಮಿಸಿ ಎನ್ನುವುದಿಲ್ಲ. ನೀವು ಎದ್ದು ಹೊರಗೆ ಹೋದರೆ ತಡೆಯುವುದೂ ಇಲ್ಲ.

ಮಾವನವರ ಟೇಪನ್ನು ಟ್ರಂಕಿನಿಂದ ತೆಗೆದು ನಿಮ್ಮ ಮೇಜಿನ ಮೇಲೆ ಇಟ್ಟಿದ್ದೇನೆ. ಇನ್ನೊಂದು ಪೆಟ್ಟಿಗೆ ಕಟ್ಟುತ್ತೀರೋ ಇಲ್ಲವೋ ನಿಮಗೆ ಬಿಟ್ಟದ್ದು. ಕಟ್ಟಿದರೆ, ಕಾಯಿಲನ್ನು ನೀವೇ ಸುತ್ತಿಕೊಳ್ಳಿ. ಅದನ್ನು ಮುಟ್ಟುವ ಹಕ್ಕು ನನ್ನ ಕೈಗೆ ಉಳಿದಿಲ್ಲ.